ಕೆರೆ ನಿಲ್ದಾಣದಲ್ಲಿ ನಲವತ್ತು ನಿಮಿಷ

ಈ ಊರಿನಲ್ಲಿ ಬಸ್ಸು ತಡವಾದರೆ ಜನ ಡ್ರೈವರನ್ನು ಬೈಯುತ್ತಾರೆ. ಡ್ರೈವರ್ ಕೈಗೆ ಸಿಗದಿದ್ದರೆ ಕಂಡಕ್ಟರನ್ನು ಬೈಯುತ್ತಾರೆ. ಇಬ್ಬರೂ ಸಿಗದಿದ್ದರೆ ಸರ್ಕಾರವನ್ನು ಬೈಯುತ್ತಾರೆ. ಈ ಬೈಗುಳಕ್ಕೆಲ್ಲ ನಿಜವಾದ ಹಕ್ಕುದಾರ ಸಾರಿಗೆ ಕಚೇರಿಯ ಮೂರನೆಯ ಮಹಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾನೆ ಎಂಬುದು ಒಬ್ಬರಿಗೂ ಗೊತ್ತಿಲ್ಲ. ಅವನು ನಾನು. ಇಪ್ಪತ್ತೊಂದು ವರ್ಷದಿಂದ ಈ ಊರಿನ ಬಸ್ಸುಗಳ ವೇಳಾಪಟ್ಟಿ ಬರೆಯುತ್ತಿದ್ದೇನೆ. ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟಕ್ಕೆ ಮುಟ್ಟಬೇಕು ಎಂದು ತೀರ್ಮಾನಿಸುವವನು ನಾನೇ. ಮುಟ್ಟುತ್ತದೋ ಇಲ್ಲವೋ ಎನ್ನುವುದು ಬೇರೆ ವಿಭಾಗಕ್ಕೆ ಸೇರಿದ್ದು.

ನಮ್ಮ ವಿಭಾಗದಲ್ಲಿ ಎಲ್ಲವೂ ನಮೂನೆ ಏಳರಲ್ಲಿ ನಡೆಯಬೇಕು. ನಮೂನೆ ಏಳು ಎಂದರೆ ತಿಳಿಹಳದಿ ಬಣ್ಣದ ಉದ್ದನೆಯ ಹಾಳೆ. ನಿಲ್ದಾಣ, ತಲುಪುವ ವೇಳೆ, ನಿಲುಗಡೆ, ಹೊರಡುವ ವೇಳೆ ಎಂದು ನಾಲ್ಕು ಕಲಂ, ಕೆಳಗೆ ಪ್ರಯಾಣಿಕರಿಗೆ ಸೂಚನೆಗಳು ಎಂದು ಒಂದು ಚೌಕ, ಮೂಲೆಯಲ್ಲಿ ಮೊಹರಿನ ಜಾಗ. ಇಪ್ಪತ್ತೊಂದು ವರ್ಷ ಒಂದೇ ಹಾಳೆ ತುಂಬಿದ ಮನುಷ್ಯನಿಗೆ ಬೇರೆ ರೀತಿಯಲ್ಲಿ ಯೋಚನೆ ಮಾಡಲು ಬರುವುದಿಲ್ಲ. ಮನೆಯ ಸಾಮಾನಿನ ಪಟ್ಟಿ, ಮಗನ ಕ್ಷೌರ, ಹೆಂಡತಿಯ ಹಲ್ಲುನೋವು, ಎಲ್ಲಕ್ಕೂ ನಾನು ಹಿಡಿಯುವುದು ನಮೂನೆ ಏಳನ್ನೇ. ಹಲ್ಲಿನ ಡಾಕ್ಟರ ಹೆಸರಿನ ಮುಂದೆ ‘ನಿಲುಗಡೆ ಇಪ್ಪತ್ತು ನಿಮಿಷ’ ಎಂದು ಬರೆದಿದ್ದೆ. ಅದನ್ನು ನನ್ನ ಹೆಂಡತಿ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಆ ದಿನ ಕೆಲಸ ಹತ್ತೊಂಬತ್ತೇ ನಿಮಿಷಕ್ಕೆ ಮುಗಿದಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಈಗ ಹೇಳಹೊರಟ ಫಜೀತಿ ಶುರುವಾದದ್ದು ಅವಳ ತಮ್ಮನಿಂದ. ನನ್ನ ಭಾವಮೈದುನ ಹಿಂದಿನ ವಾರ ಬಾಡಿಗೆ ಕಾರು ಮಾಡಿ ತನ್ನ ಮಕ್ಕಳನ್ನು ಊರಾಚೆಯ ನೀರಾಟದ ಪಾರ್ಕಿಗೆ ಕರೆದುಕೊಂಡು ಹೋಗಿದ್ದನಂತೆ. ನಮ್ಮ ಮನೆಗೆ ಬಂದು ಒಂದು ಗಂಟೆ ಫೋನಿನಲ್ಲಿ ಫೋಟೊ ತೋರಿಸಿದ. ತಲೆಗೆ ಎಷ್ಟು ಟಿಕೆಟ್ಟು ಎಂಬುದನ್ನು ಎರಡು ಸಲ ಹೇಳಿದ, ನಾನು ಕೇಳದಿದ್ದುದರಿಂದ ಮೂರನೆಯ ಸಲವೂ ಹೇಳಿದ. ಎಲ್ಲ ಆದ ಮೇಲೆ, ಮಗಳು ಇನ್ನು ಹದಿನೈದು ದಿನಕ್ಕೆ ಹೊರಟು ಹೋಗುತ್ತಾಳೆ, ಅಷ್ಟರೊಳಗೆ ಮಕ್ಕಳನ್ನು ಒಂದು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗಬಾರದೇ ಭಾವ ಎಂದು ಕನಿಕರದಿಂದ ಕೇಳಿದ.

ಮಗಳು ಹೊರಡುವುದು ನಿಜ. ಅವಳಿಗೆ ಹದಿನಾರು. ಮುಂದಿನ ಎರಡು ವರ್ಷದ ಓದು ನನ್ನ ಅಕ್ಕನ ಊರಿನಲ್ಲಿ, ಇಲ್ಲಿಂದ ಒಂಬತ್ತು ಗಂಟೆಯ ದಾರಿ. ಸೀಟು ಸಿಕ್ಕಿತ್ತು, ಟ್ರಂಕು ಬಂದಿತ್ತು, ಅಕ್ಕ ಕೋಣೆಗೆ ಸುಣ್ಣ ಹೊಡೆಸಿದ್ದಳು. ಎಲ್ಲವೂ ತಯಾರಾಗಿತ್ತು, ನಾನೊಬ್ಬ ಬಿಟ್ಟು. ಒಂದು ವರ್ಷದಿಂದ ನನ್ನ ಮಗಳು ನನ್ನ ಜೊತೆ ಆಡುವ ಮಾತು ‘ಹೂಂ’, ‘ಊಹೂಂ’, ‘ಆಮೇಲೆ’ ಎಂಬ ಮೂರಕ್ಕೆ ಇಳಿದಿತ್ತು. ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಆಗ ನನಗೆ ಬೇರೆ ಕಥೆ ಬರುತ್ತಿರಲಿಲ್ಲವಾದ್ದರಿಂದ, ಅವಳನ್ನು ಮಲಗಿಸಲು ಹದಿನಾಲ್ಕನೇ ನಂಬರ್ ಬಸ್ಸಿನ ನಿಲ್ದಾಣಗಳನ್ನು ಹೇಳುತ್ತಿದ್ದೆ. ಮಾರುಕಟ್ಟೆ, ಹಳೇ ಸೇತುವೆ, ಕೆರೆ, ಜಿಂಕೆವನ, ಗಂಟೆಮನೆ. ಕೆರೆ ಬಂದಾಗ ಅವಳು ಕಣ್ಣು ಬಿಟ್ಟು, ಕೆರೆಯಲ್ಲಿ ದೋಣಿ ಇದೆಯಾ ಎನ್ನುವಳು. ಇದೆ, ನೀಲಿ ದೋಣಿ ಎನ್ನುತ್ತಿದ್ದೆ. ಗಂಟೆಮನೆ ಮುಟ್ಟುವುದರೊಳಗೆ ನಿದ್ದೆ ಬಂದಿರುತ್ತಿತ್ತು. ಹದಿನಾಲ್ಕನೇ ನಂಬರು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದುದು ನಮ್ಮ ಮನೆಯಲ್ಲಿ ಮಾತ್ರ.

ಭಾವಮೈದುನನ ಕನಿಕರಕ್ಕೆ ನಾನು ಉತ್ತರ ಹುಡುಕುತ್ತಿರುವಾಗ ಮಗಳು ಫೋನಿನಿಂದ ತಲೆಯೆತ್ತದೆ ಹೇಳಿದಳು:

“ಅಪ್ಪಂಗೆ ಊರೇ ಗೊತ್ತಿಲ್ಲ ಮಾವ. ಆಫೀಸ್ ಬಿಟ್ರೆ ಮನೆ, ಮನೆ ಬಿಟ್ರೆ ಆಫೀಸ್.”

ಅವಳು ಹೇಳಿದ್ದು ಅಕ್ಷರಶಃ ಸತ್ಯ. ಕಚೇರಿ ಮನೆಯಿಂದ ಎಂಟು ನಿಮಿಷದ ನಡಿಗೆ. ನಾನು ಬಸ್ಸು ಹತ್ತಿ ಹನ್ನೊಂದು ವರ್ಷವಾಗಿತ್ತು. ಆದರೆ ಭಾವಮೈದುನನ ಮುಂದೆ ಕೇಳಿದಾಗ ಸತ್ಯಕ್ಕೂ ಮೈಯೆಲ್ಲ ಉರಿಯುತ್ತದೆ. ಈ ಊರಿನ ಆರುನೂರ ಹನ್ನೆರಡು ನಿಲ್ದಾಣವೂ ನನಗೆ ಬಾಯಿಪಾಠ, ಬರುವ ಭಾನುವಾರ ಇಡೀ ಊರು ತೋರಿಸುತ್ತೇನೆ, ಕಾರೂ ಬೇಡ, ಪಾರ್ಕೂ ಬೇಡ, ಒಂದು ದಿನದ ಪಾಸು ಸಾಕು ಎಂದುಬಿಟ್ಟೆ.

ಮಗಳು ತಲೆಯೆತ್ತಿದಳು. “ಹದಿನಾಲ್ಕರಲ್ಲಾ?”

“ಹದಿನಾಲ್ಕರಲ್ಲೇ.”

“ಕೆರೇಲಿ ನೀಲಿ ದೋಣಿ ಇರುತ್ತಾ?”

ಕಾಲೆಳೆಯುತ್ತಿದ್ದಳೋ, ನಿಜವಾಗಿ ಕೇಳಿದಳೋ, ಗೊತ್ತಾಗಲಿಲ್ಲ. ಏನೇ ಇರಲಿ, ಒಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಪ್ರಶ್ನೆ ಕೇಳಿದ್ದಳು. ಇರದೆ ಎಲ್ಲಿಗೆ ಹೋಗುತ್ತೆ ಎಂದೆ. ಈ ಭಾನುವಾರ ಸರಿಹೋದರೆ ಅವಳು ಹೊರಡುವ ಮೊದಲು ನನ್ನ ಮಗಳು ನನಗೆ ವಾಪಸ್ಸು ಸಿಗುತ್ತಾಳೆ, ಕೆಟ್ಟರೆ ‘ಹೂಂ’ ಎನ್ನುತ್ತಲೇ ಬಸ್ಸು ಹತ್ತುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

ಗುರುವಾರ ಊಟದ ಬಿಡುವಿನಲ್ಲಿ ಕಚೇರಿಯಲ್ಲೇ ಕೂತು ಯೋಜನೆ ಬರೆದೆ. ಯಾವುದರಲ್ಲಿ ಬರೆದೆ ಎಂದು ಹೇಳಬೇಕಾಗಿಲ್ಲ. ಹದಿನಾಲ್ಕು ವಿಶೇಷ, ಭಾನುವಾರ, ಮಾರುಕಟ್ಟೆ ಎಂಟೂವರೆ. ಕೆರೆ, ನಿಲುಗಡೆ ನಲವತ್ತು ನಿಮಿಷ. ಜಿಂಕೆವನ, ಒಂದು ಗಂಟೆ ಇಪ್ಪತ್ತು ನಿಮಿಷ. ಗಂಟೆಮನೆ, ನಲವತ್ತು ನಿಮಿಷ. ಕೆಳಗಿನ ಚೌಕದಲ್ಲಿ ಸೂಚನೆಗಳು. ನೋಡುವುದೆಲ್ಲ ಉಚಿತ, ದಿನದ ಪಾಸು ಸಾಕು; ನೀರು, ಬುತ್ತಿ ಮನೆಯಿಂದಲೇ; ದಾರಿಯಲ್ಲಿ ಕಂಡದ್ದನ್ನೆಲ್ಲ ಕೊಡಿಸು ಎನ್ನಬಾರದು; ಕಿವಿಗೆ ವೈರು ಸಿಕ್ಕಿಸಿಕೊಂಡು ಕೂರಬಾರದು; ಗಂಟುಮುಖ ಹಾಕುವವರಿಗೆ ಕಿಟಕಿ ಪಕ್ಕದ ಸೀಟು ಇಲ್ಲ; ಅಮ್ಮನಿಗೆ ಕಾಲುನೋವು, ಆದ್ದರಿಂದ ಯಾರೂ ಬೇಗ ನಡೆಯಬಾರದು. ಬರೆದು ಮುಗಿದ ಕೂಡಲೇ ಕೈ ತನ್ನ ಪಾಡಿಗೆ ಮೊಹರು ಎತ್ತಿ ಒತ್ತಿತು. ಹಾಳೆಯನ್ನು ಮೇಜಿನ ಮೇಲಿಟ್ಟು ಡಬ್ಬಿ ತೊಳೆಯಲು ಹೋದೆ.

ಪಕ್ಕದ ಮೇಜಿನ ಮೇಡಂ ಬಹಳ ಅಚ್ಚುಕಟ್ಟು. ಮೊಹರು ಬಿದ್ದ ಹಾಳೆ ಮೇಜಿನ ಮೇಲೆ ಅನಾಥವಾಗಿ ಬಿದ್ದಿರುವುದನ್ನು ಅವರಿಂದ ನೋಡಲಾಗುವುದಿಲ್ಲ. ಎತ್ತಿ ಟ್ರೇಗೆ ಹಾಕಿದರು. ಟ್ರೇಗೆ ಬಿದ್ದದ್ದು ಅಂಟಿನಯ್ಯನ ಪಾಲು. ಆತ ದಿನಾ ಸಂಜೆ ಟ್ರೇಯಲ್ಲಿದ್ದದ್ದನ್ನು ಪ್ರತಿ ತೆಗೆಸಿ, ಅಂಟಿನ ಡಬ್ಬಿ ಹಿಡಿದು ಹೊರಟು, ಆ ಮಾರ್ಗದ ನಿಲ್ದಾಣಗಳಲ್ಲೆಲ್ಲ ಅಂಟಿಸಿ ಬರುತ್ತಾನೆ. ಓದಿ ನೋಡುವ ಚಟ ಇಲ್ಲ. ಓದುವುದು ಪ್ರಯಾಣಿಕರ ಕೆಲಸ, ಅಂಟಿಸುವುದು ತನ್ನ ಕೆಲಸ ಎಂಬುದು ಅವನ ಸಿದ್ಧಾಂತ. ನಾನು ಹಾಳೆ ಕಳೆಯಿತೆಂದುಕೊಂಡು ಇನ್ನೊಂದು ಬರೆದು, ಅದಕ್ಕೂ ಮೊಹರೊತ್ತಿ ಮನೆಗೆ ಒಯ್ದೆ.

ಭಾನುವಾರ ಎಂಟೂ ಇಪ್ಪತ್ತಕ್ಕೆ ಹೆಂಡತಿ, ಮಗಳು, ಹದಿಮೂರರ ಮಗನ ಜೊತೆ ಮಾರುಕಟ್ಟೆ ನಿಲ್ದಾಣಕ್ಕೆ ಹೋದರೆ, ಅಲ್ಲಿ ಸಾಲು. ಎಣಿಸಿದೆ, ಇಪ್ಪತ್ತೇಳು ಜನ. ಎಲ್ಲರ ಕೈಯಲ್ಲೂ ನೀರಿನ ಬಾಟಲಿ, ಬುತ್ತಿ. ಸಾಲಿನ ತಲೆಯಲ್ಲಿ ಒಬ್ಬ ನಿವೃತ್ತ ಹೆಡ್‌ಮೇಷ್ಟರು ಕೊಡೆಯ ತುದಿಯನ್ನು ಗೋಡೆಯ ಮೇಲಿನ ಹಳದಿ ಹಾಳೆಗೆ ಮುಟ್ಟಿಸುತ್ತ, ಕಿವಿಯ ವೈರಿನ ಸೂಚನೆಯನ್ನು ಇಬ್ಬರು ಹುಡುಗರಿಗೆ ವಿವರಿಸುತ್ತಿದ್ದರು. ಹುಡುಗರು ವೈರು ಬಿಚ್ಚಿ ಜೇಬಿಗಿಟ್ಟುಕೊಂಡರು. ಸರ್ಕಾರದ ಕಾಗದದಲ್ಲಿ ಇಷ್ಟು ಒಳ್ಳೆಯ ಮಾತು ತಾವು ಈವರೆಗೆ ಓದಿರಲಿಲ್ಲ ಎಂದು ಹೆಡ್‌ಮೇಷ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು.

ಮಗ ನನ್ನ ತೋಳು ಹಿಡಿದೆಳೆದು, ಅಪ್ಪ, ಇದು ನಮ್ಮ ಮನೆ ಹಾಳೆ ಅಲ್ವಾ ಎಂದ. ಅಷ್ಟರಲ್ಲಿ ನಿಲ್ದಾಣದ ಕಂಟ್ರೋಲರ್ ತನ್ನ ಗೂಡಿನಿಂದ ಓಡಿಬಂದ. ಬೆಳಗಿನಿಂದ ಜನ ಅವನ ಪ್ರಾಣ ತಿಂದಿದ್ದರಂತೆ. ಅವನಿಗೋ ಈ ವಿಶೇಷದ ಗಂಧಗಾಳಿ ಇಲ್ಲ. ನನ್ನನ್ನು ಕಂಡು ಹೋದ ಜೀವ ಬಂದಂತಾಗಿ, ಇಗೋ ಆಫೀಸಿನಿಂದ ಸಾಹೇಬರೇ ಬಂದರು ಎಂದು ಕೂಗಿಬಿಟ್ಟ. ಇಪ್ಪತ್ತೇಳು ಮುಖ ನನ್ನ ಕಡೆ ತಿರುಗಿದವು. ಕೆಲವರು ಕೈ ಮುಗಿದರು.

ಆ ಗಳಿಗೆಯಲ್ಲಿ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಸ್ವಾಮಿ, ಇದು ನನ್ನ ಮನೆಯ ಕಾಗದ, ತಪ್ಪಾಗಿ ಅಂಟಿಸಿದ್ದಾರೆ, ದಯಮಾಡಿ ಮನೆಗೆ ಹೋಗಿ. ಇಪ್ಪತ್ತೊಂದು ವರ್ಷದಲ್ಲಿ ನನಗೆ ಯಾರೂ ಕೈ ಮುಗಿದಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಗಳು ನೋಡುತ್ತಿದ್ದಳು ಎಂಬುದನ್ನೂ ಗಮನಿಸಬೇಕು. ಗಂಟಲು ಸರಿಮಾಡಿಕೊಂಡು, ಎಲ್ಲರೂ ಪಾಸು ತಗೊಂಡಿದೀರಾ ಎಂದೆ. ನನ್ನ ಹೆಂಡತಿ ಆಕಾಶ ನೋಡಿದಳು.

ಮಾಮೂಲಿ ಹದಿನಾಲ್ಕು ಬಂತು, ಎಲ್ಲರೂ ಹತ್ತಿದರು. ಒಳಗೆ ಹೆಡ್‌ಮೇಷ್ಟರು ಸೂಚನೆಗಳನ್ನು ಜಾರಿಗೆ ತಂದರು. ಹೊಸದಾಗಿ ಮದುವೆಯಾದ ಒಬ್ಬ ಗಂಡ ಯಾವುದಕ್ಕೋ ಮುನಿಸಿಕೊಂಡು ಕೂತಿದ್ದ. ಅವನನ್ನು ಕಿಟಕಿಯಿಂದ ಎಬ್ಬಿಸಿ ನಡುವೆ ಕೂರಿಸಿದರು. ಕೊನೆಗೆ ಕಾಲುನೋವಿನ ಅಮ್ಮ ಯಾರು ಎಂಬ ಪ್ರಶ್ನೆ ಬಂತು. ಇಷ್ಟು ಸ್ಪಷ್ಟವಾಗಿ ಅಚ್ಚಾಗಿರುವಾಗ ಒಬ್ಬರು ಇರಲೇಬೇಕು ಎಂಬುದು ಅವರ ವಾದ. ನನ್ನ ಹೆಂಡತಿ ಸದ್ದಿಲ್ಲದೆ ಕಾಲು ಸೀಟಿನ ಕೆಳಗೆ ಸರಿಸಿದಳು. ಹುಡುಕಿ ಹುಡುಕಿ, ಮಾರುಕಟ್ಟೆಯ ಹಿಂದೆ ಐವತ್ತು ವರ್ಷದಿಂದ ಹೊಲಿಗೆ ಮಾಡುತ್ತಿದ್ದ ಒಬ್ಬ ಅಜ್ಜಿಯನ್ನು ಆ ಹುದ್ದೆಗೆ ನೇಮಿಸಿದರು. ತನಗೆ ನೋವಿರುವುದು ಕಾಲಲ್ಲ, ಸೊಂಟ ಎಂದು ಹೊಲಿಗೆ ಅಜ್ಜಿ ಹೇಳಿದರೂ ಬಿಡಲಿಲ್ಲ. ನನ್ನ ಮಗಳು ಮುಖವನ್ನು ಕಿಟಕಿಯ ಹೊರಗೆ ಹಾಕಿ ಕೂತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಕೆರೆ ನಿಲ್ದಾಣ ಬಂತು. ಮೂವತ್ತೊಂದು ಜನ ಇಳಿದೆವು, ಬಸ್ಸು ಹೊರಟುಹೋಯಿತು. ನಾನು ಸುತ್ತ ನೋಡಿದೆ. ಒಂದು ಪೆಟ್ರೋಲ್ ಬಂಕ್, ಒಂದು ಮಂಚ ಕುರ್ಚಿಗಳ ಅಂಗಡಿ, ಒಂದು ಬ್ಯಾಂಕು, ಮೊಬೈಲ್ ಟವರು. ಕೆರೆಯ ಸುಳಿವಿರಲಿ, ಒಂದು ಕೊಳಾಯಿಯೂ ಕಾಣಲಿಲ್ಲ.

ಕೆರೆ ಎಲ್ಲಿ ಸ್ವಾಮಿ ಎಂದು ಹೆಡ್‌ಮೇಷ್ಟರು ಕೇಳಿದರು. ಅಂಗಡಿಯ ಹಿಂದಿರಬೇಕು ಎಂದು ಧೈರ್ಯವಾಗಿ ಮುನ್ನಡೆದೆ. ಸೂಚನೆಯ ಪ್ರಕಾರ ಎಲ್ಲರೂ ಅಜ್ಜಿಯ ಹಿಂದೆ ನಿಧಾನವಾಗಿ ಬಂದರು. ಅಂಗಡಿಯ ಹಿಂದೆ ಅಂಗಡಿಯವರ ವ್ಯಾನು ನಿಂತಿತ್ತು. ಬ್ಯಾಂಕಿನ ಪಕ್ಕಕ್ಕೆ ಕರೆದೊಯ್ದೆ; ಗೋಡೆ. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದೆವು. ಹೊರಡೋಣವೆಂದರೆ ಮುಂದಿನ ಬಸ್ಸಿಗೆ ನಲವತ್ತು ನಿಮಿಷ. ಭಾನುವಾರ ಈ ಮಾರ್ಗಕ್ಕೆ ನಲವತ್ತು ನಿಮಿಷಕ್ಕೊಂದು ಬಸ್ಸು ಸಾಕೆಂದು ಆರು ವರ್ಷದ ಹಿಂದೆ ಡೀಸೆಲ್ ಉಳಿಸಿ ಶಹಭಾಸ್ ಅನ್ನಿಸಿಕೊಂಡವನು ನಾನೇ. ಆ ನಲವತ್ತು ನಿಮಿಷ ಒಬ್ಬ ಮನುಷ್ಯ ಎಲ್ಲಿ ನಿಲ್ಲುತ್ತಾನೆ ಎಂಬ ಕಲಂ ನಮೂನೆ ಏಳರಲ್ಲಿ ಇಲ್ಲ. ಅಲ್ಲಿ ನೆರಳಿರಲಿಲ್ಲ, ಕೂರಲು ಒಂದು ಬೆಂಚೂ ಇರಲಿಲ್ಲ. ಕಾಗದದ ಮೇಲೆ ನಲವತ್ತು ನಿಮಿಷ ಬೆರಳಗಲದ ಜಾಗ. ಬಿಸಿಲಿನಲ್ಲಿ ಅದು ಮುಗಿಯುವುದೇ ಇಲ್ಲ.

ಮಗಳು ನನ್ನ ಎದುರಿಗೆ ಬಂದು ನಿಂತಳು. ಜೋರಾಗಿಯೇನೂ ಹೇಳಲಿಲ್ಲ, ಆದರೆ ಎಲ್ಲರೂ ಸುಮ್ಮನಿದ್ದುದರಿಂದ ಎಲ್ಲರಿಗೂ ಕೇಳಿಸಿತು.

“ಅಪ್ಪ, ನೀನು ಯಾವತ್ತಾದ್ರೂ ಇಲ್ಲಿಗೆ ಬಂದಿದೀಯಾ?”

ಬಾಯಿಗೆ ಮೂರು ಸುಳ್ಳು ಒಟ್ಟಿಗೆ ಬಂದವು. ಮೂರೂ ಒಳ್ಳೆಯವೇ. ಅವಳ ಮುಖ ನೋಡಿ ಒಂದನ್ನೂ ಹೇಳಲಾಗಲಿಲ್ಲ.

“ಇಲ್ಲ ಪುಟ್ಟಿ. ಬಂದೇ ಇಲ್ಲ.”

ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಇದು ವಿಶೇಷವೂ ಅಲ್ಲ, ಸರ್ಕಾರದ್ದೂ ಅಲ್ಲ, ನನ್ನ ಮನೆಯ ಕಾಗದ, ಅಮ್ಮ ಎಂದರೆ ಇವಳು, ನನ್ನ ಹೆಂಡತಿ, ಗಂಟುಮುಖ ಎಂದದ್ದು ನನ್ನ ಮಕ್ಕಳಿಗೆ, ನಿಲ್ದಾಣದ ಹೆಸರು ನೋಡಿ ಕೆರೆ ಇರುತ್ತದೆಂದು ಬರೆದೆ, ತಪ್ಪಾಯಿತು, ಕ್ಷಮಿಸಿ. ಹೆಡ್‌ಮೇಷ್ಟರು ಕೊಡೆ ಮಡಚಿದರು, ಮತ್ತೆ ಬಿಚ್ಚಿದರು. ಮುನಿಸಿನ ಗಂಡ ಮೊದಲ ಸಲ ನಕ್ಕ. ಹಾಗಾದರೆ ತನ್ನನ್ನು ಕಿಟಕಿಯಿಂದ ಎಬ್ಬಿಸಿದ್ದು ಅನ್ಯಾಯ ಎಂದು ಹೆಂಡತಿಗೆ ಹೇಳಿದ. ಮಗಳು ಮಾತ್ರ ನಗಲಿಲ್ಲ. ನಾನು ಮನೆಗೆ ಹೋಗ್ತೀನಿ ಅಮ್ಮ ಎಂದು ತಾಯಿಯ ಕಡೆ ತಿರುಗಿದಳು. ಮುಗಿಯಿತು ಎಂದುಕೊಂಡೆ. ನನಗೆ ಅಳು ಬರುವ ಹಾಗಾಯಿತು.

ಆಗ ಅಂಗಡಿಯ ಮೆಟ್ಟಿಲ ಮೇಲೆ ಸೊಂಟ ಹಿಡಿದು ಕೂತಿದ್ದ ಹೊಲಿಗೆ ಅಜ್ಜಿ ಹೇಳಿದರು: “ಕೆರೆ ಇಲ್ಲೇ ಇತ್ತು. ನೀವೆಲ್ಲ ಈಗ ನಿಂತಿರೋದು ನೀರಲ್ಲಿ.”

ನಗಬೇಡಿ, ಎಲ್ಲರೂ ಕಾಲು ನೋಡಿಕೊಂಡೆವು. ಹೆಡ್‌ಮೇಷ್ಟರು ಒಂದು ಹೆಜ್ಜೆ ಹಿಂದೆಯೂ ಸರಿದರು.

ಅಜ್ಜಿ ಕೂತಲ್ಲಿಂದಲೇ ಕೈ ತೋರಿಸಿ ಹೇಳುತ್ತ ಹೋದರು. ಆ ರಸ್ತೆ ಎತ್ತರವಾಗಿ ಬಾಗಿದೆಯಲ್ಲ, ಅದು ಕೆರೆಯ ಏರಿ. ಬ್ಯಾಂಕಿನ ಹತ್ತಿರ ನೀರು ಎದೆಯುದ್ದ, ಪೆಟ್ರೋಲ್ ಬಂಕಿನ ಕಡೆ ಮಂಡಿಯವರೆಗೆ. ಬಂಕಿನ ಹಿಂದೆ ಬಟ್ಟೆ ಒಗೆಯುವ ಮೆಟ್ಟಿಲಿತ್ತು. ಅಷ್ಟು ಕೇಳಿದ್ದೇ ನನ್ನ ಮಗ ಓಡಿದ, ಕಿವಿಯ ವೈರಿನ ಹುಡುಗರಿಬ್ಬರೂ ಅವನ ಹಿಂದೆ ಓಡಿದರು. ಬಂಕಿನ ಕಾಂಪೌಂಡಿನಾಚೆ, ಗಿಡಗಂಟಿಯ ನಡುವೆ, ಎಲ್ಲಿಗೂ ಇಳಿಯದ ನಾಲ್ಕು ಕಲ್ಲು ಮೆಟ್ಟಿಲು ಇದ್ದವು. ಇವೆ, ಇವೆ ಎಂದು ಅಲ್ಲಿಂದ ಕೂಗಿದರು. ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರೂ ಹೋಗಿ, ಸರದಿಯ ಮೇಲೆ ಆ ನಾಲ್ಕು ಮೆಟ್ಟಿಲು ಇಳಿದು ನಿಂತು ನೋಡಿದೆವು. ಬಂಕಿನವನು ಪೈಪು ಹಿಡಿದು ಬಾಯಿ ಬಿಟ್ಟುಕೊಂಡು ನಮ್ಮನ್ನು ನೋಡಿದ. ಹತ್ತು ವರ್ಷದಿಂದ ಅವನು ಆ ಮೆಟ್ಟಿಲ ಮೇಲೆ ಹಳೆ ಟಯರು ಇಡುತ್ತಿದ್ದನಂತೆ.

ಮಗಳು ಮನೆಗೆ ಹೋಗಲಿಲ್ಲ. ಅಜ್ಜಿಯ ಪಕ್ಕದಲ್ಲಿ ಕೂತು ಕೇಳಿದಳು: “ಅಜ್ಜಿ, ದೋಣಿ ಇತ್ತಾ?”

ಅಜ್ಜಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ.

“ಇತ್ತು ಮಗಾ. ಒಂದೇ ಒಂದು.”

“ಯಾವ ಬಣ್ಣ?”

“ನೀಲಿ ಅಂತ ನೆನಪು,” ಎಂದರು ಅಜ್ಜಿ.

ನೀಲಿ ದೋಣಿಯ ವಿಷಯವನ್ನು ಬಸ್ಸಿನಲ್ಲಿ ಮಗ ಎಲ್ಲರಿಗೂ ಸಾರಿ ಹೇಳಿದ್ದ. ಆದರೆ ಆಗ ನನಗೆ ಅದು ಹೊಳೆಯಲೇ ಇಲ್ಲ. ನನಗೆ ಕಂಡದ್ದು ಮಗಳ ಮುಖ ಒಂದೇ. ಅವಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನಾನು ಬಹಳ ಹಿಂದಿನಿಂದ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ನಾಚಿಕೆಗೇಡಿನ ಕೆಲಸ, ಒಪ್ಪುತ್ತೇನೆ.

ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ನನ್ನ ಜೇಬಿನಲ್ಲಿದ್ದ ಹಾಳೆ ಮಗಳ ಕೈಗೆ ಹೋಯಿತು. ಜಿಂಕೆವನದಲ್ಲಿ ಇಳಿದಾಗ ಅವಳು ನನ್ನನ್ನು ಕೇಳಲೇ ಇಲ್ಲ, ಇಲ್ಲಿ ಮೊದಲು ಏನಿತ್ತು ಎಂದು ನೇರವಾಗಿ ವಯಸ್ಸಾದವರನ್ನು ಕೇಳಿದಳು. ಈಗ ಅಲ್ಲಿರುವುದು ಒಂದು ತೆರಿಗೆ ಕಚೇರಿ. ಭಾನುವಾರ ಯಾರನ್ನೂ ಬಿಡುವುದಿಲ್ಲ ಎಂದು ಕಾವಲುಗಾರ ಗೇಟಿಗೆ ಅಡ್ಡ ನಿಂತ. ಹೆಡ್‌ಮೇಷ್ಟರು ಹಾಳೆಯ ಮೊಹರಿಗೆ ಕೊಡೆ ತೋರಿಸಿದರು. ಅವನು ಮೊಹರನ್ನು ನೋಡಿದ, ಸೂಚನೆಗಳನ್ನು ಓದಿದ, ಓದಿ ಮುಗಿಸಿ ಅಜ್ಜಿಗೆ ಕುರ್ಚಿ ತಂದುಕೊಟ್ಟ. ಇದು ಮನೆಯ ಕಾಗದ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮೇಷ್ಟರು ನನ್ನನ್ನು ಕಣ್ಣಲ್ಲೇ ಗದರಿಸಿದರು. ಒಮ್ಮೆ ನಿಜ ಹೇಳಿದ್ದು ಸಾಕು ಎಂಬುದು ಅವರ ಅಭಿಪ್ರಾಯವಾಗಿದ್ದಿರಬೇಕು.

ಅಂಗಳದ ಮೂಲೆಯಲ್ಲಿ ಒಂದು ಉದ್ದನೆಯ ಕಲ್ಲಿನ ತೊಟ್ಟಿ ಇತ್ತು. ಅದರ ತುಂಬ ಮುರಿದ ಕುರ್ಚಿಗಳು. ಹೆಡ್‌ಮೇಷ್ಟರು ಅದನ್ನು ಕಂಡವರೇ ಹೋಗಿ ಅದರ ಅಂಚಿನ ಮೇಲೆ ಕೈಯಿಟ್ಟರು. ಅವರಿಗೆ ಏಳು ವರ್ಷವಿದ್ದಾಗ ಅವರ ತಂದೆ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ತೊಟ್ಟಿಯಲ್ಲಿ ಜಿಂಕೆ ನೀರು ಕುಡಿಯುವುದನ್ನು ತೋರಿಸಿದ್ದರಂತೆ. ನನ್ನ ಮಗ ಮತ್ತು ಹುಡುಗರು ಮುರಿದ ಕುರ್ಚಿಗಳನ್ನೆಲ್ಲ ಎತ್ತಿ ಹೊರಗಿಟ್ಟರು, ಕಾವಲುಗಾರ ಎರಡು ಬಕೆಟ್ ನೀರು ತಂದು ತೊಟ್ಟಿಗೆ ಸುರಿದ. ತೊಟ್ಟಿಯ ಸುತ್ತ ಕೂತು ಬುತ್ತಿ ಬಿಚ್ಚಿದೆವು. ಕಂಡದ್ದನ್ನೆಲ್ಲ ಕೊಡಿಸು ಎಂದು ಯಾರೂ ಕೇಳಲಿಲ್ಲ, ಕೇಳುವುದಕ್ಕೆ ಮೊದಲೇ ಪಕ್ಕದವರು ಕೊಡುತ್ತಿದ್ದರು.

ಗಂಟೆಮನೆಯಲ್ಲಿ ಗಂಟೆ ಇತ್ತು. ಔಷಧದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಬೋರ್ಡಿನ ಹಿಂದೆ ತೂಗುತ್ತಿತ್ತು. ಮೊದಲು ಕಂಡವಳು ನನ್ನ ಮಗಳು. “ಅಪ್ಪ, ನೋಡು, ಇಲ್ಲಿ ನೀನು ಹೇಳಿದ್ದು ನಿಜ,” ಎಂದು ನನ್ನ ಭುಜ ಹಿಡಿದು ತಿರುಗಿಸಿದಳು. ಎಲ್ಲರೂ ಮೇಲೆ ನೋಡುತ್ತ ನಿಂತರು. ನನಗೆ ಗಂಟೆ ಸರಿಯಾಗಿ ಕಾಣಲಿಲ್ಲ. ಅವಳ ಕೈ ಇನ್ನೂ ಭುಜದ ಮೇಲೇ ಇತ್ತು, ಅಲುಗಾಡಿದರೆ ತೆಗೆದುಬಿಟ್ಟಾಳೆಂದು ಹಾಗೇ ನಿಂತಿದ್ದೆ.

ಸಂಜೆ ಮಾರುಕಟ್ಟೆಯಲ್ಲಿ ಇಳಿದಾಗ ಹೊಲಿಗೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು.

“ಆ ಕೆರೇಲಿ ದೋಣಿನೇ ಇರ್ಲಿಲ್ಲಪ್ಪ. ಹುಡುಗಿ ಮುಖ ನೋಡಿದೆ, ಇನ್ನೇನು ಹೇಳ್ಲಿ? ಅವಳಿಗೆ ಹೇಳ್ಬೇಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮನೆಗೆ ನಡೆಯುವಾಗ ಮಗಳು ಬಾಯಿ ಮುಚ್ಚಲಿಲ್ಲ. ಏರಿ, ಮೆಟ್ಟಿಲು, ತೊಟ್ಟಿ, ಗಂಟೆ, ಅಜ್ಜಿಯ ಸೊಂಟ. ಅವಳ ತಾಯಿ ನಡುವೆ ಒಂದು ಸಲ, ನಿಜವಾಗಿ ಕಾಲು ನೋಯುತ್ತಿರುವುದು ತನಗೆ, ಇಡೀ ದಿನ ಗೌರವವೆಲ್ಲ ಬೇರೆಯವರಿಗೆ ಹೋಯಿತು ಎಂದಳು. ಸೂಚನೆಯಲ್ಲಿ ಹೆಸರು ಹಾಕದಿದ್ದದ್ದು ನನ್ನ ತಪ್ಪು.

ಸೋಮವಾರ ಕಚೇರಿಯಲ್ಲಿ ನಮ್ಮ ಮೇಲಧಿಕಾರಿ ಕರೆಸಿದರು. ಮೇಜಿನ ಮೇಲೆ ಹಳದಿ ಹಾಳೆ, ಅದರ ಪಕ್ಕದಲ್ಲಿ ಹೆಡ್‌ಮೇಷ್ಟರು ಬೆಳಿಗ್ಗೆಯೇ ತಾವಾಗಿ ತಂದುಕೊಟ್ಟಿದ್ದ ಎರಡು ಪುಟದ ಪತ್ರ. ಒಂದು ಪುಟ ಹೊಗಳಿಕೆ. ಇನ್ನೊಂದು ಪುಟ, ಕೆರೆ ನಿಲ್ದಾಣಕ್ಕೆ ನೆರಳು ಮತ್ತು ಬೆಂಚು ಬೇಕೆಂಬ ಒತ್ತಾಯ. ಅನುಮತಿ ಯಾರು ಕೊಟ್ಟದ್ದು ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲ ಇದ್ದ ಹಾಗೇ ಹೇಳಿದೆ. ಅವರು ಗಂಟುಮುಖದ ಸೂಚನೆಯನ್ನು ಎರಡು ಸಲ ಓದಿದರು. ಕೊನೆಗೆ, ಇದನ್ನು ತಿಂಗಳಿಗೊಂದು ಭಾನುವಾರ ಇಟ್ಟುಕೊಳ್ಳಬಹುದೇ ನೋಡಿ, ಜಿಂಕೆವನದ ನಿಲುಗಡೆಯನ್ನು ಹತ್ತು ನಿಮಿಷ ಜಾಸ್ತಿ ಮಾಡಿ, ನಮ್ಮ ತಾಯಿಗೂ ಆ ತೊಟ್ಟಿ ತೋರಿಸಬೇಕು ಎಂದರು. ನಾನು ಜಾಗಕ್ಕೆ ಬಂದು ಮೊದಲು ಮಾಡಿದ ಕೆಲಸವೆಂದರೆ ಹದಿನಾಲ್ಕರ ಭಾನುವಾರದ ಪಟ್ಟಿ ತೆಗೆದು ನಲವತ್ತು ನಿಮಿಷವನ್ನು ಇಪ್ಪತ್ತು ಮಾಡಿದ್ದು. ಡೀಸೆಲ್ ವಿಭಾಗದವರು ಇವತ್ತಿಗೂ ನನ್ನನ್ನು ಕಂಡರೆ ಮೂಗು ಮುರಿಯುತ್ತಾರೆ.

ಮಗಳು ಹೊರಟ ದಿನ ನಾವೆಲ್ಲ ನಿಲ್ದಾಣಕ್ಕೆ ಹೋಗಿದ್ದೆವು. ಭಾವಮೈದುನನೂ ಬಂದಿದ್ದ. ಅವನ ಮಕ್ಕಳು ಈಗ ನೀರಾಟದ ಪಾರ್ಕು ಬೇಡ, ನೀರಿಲ್ಲದ ಕೆರೆ ತೋರಿಸು ಎಂದು ಹಠ ಹಿಡಿದಿದ್ದರಂತೆ. ಮುಂದಿನ ಸಲ ಯಾವಾಗ ಭಾವ ಎಂದು ಮೆತ್ತಗೆ ಕೇಳಿದ. ನಾನು ಕೇಳಿಸದವನಂತೆ ಟ್ರಂಕು ಎತ್ತಿಟ್ಟೆ. ಬಸ್ಸು ವೇಳೆಗೆ ಸರಿಯಾಗಿ ಹೊರಟಿತು. ಜೀವನದಲ್ಲಿ ಮೊದಲ ಸಲ ಅದಕ್ಕಾಗಿ ನನಗೆ ಸಿಟ್ಟು ಬಂತು. ಹೊರಡುವಾಗ ಮಗಳು ಕಿಟಕಿಯಿಂದ ಮಡಿಸಿದ ಒಂದು ಹಾಳೆ ನನ್ನ ಕೈಗಿಟ್ಟು, ಮನೆಗೆ ಹೋಗಿ ನೋಡು ಎಂದಳು. ನಾನು ಅಲ್ಲೇ ಬಿಡಿಸಿದೆ.

ನಮೂನೆ ಏಳು. ಮನೆಯಲ್ಲಿದ್ದ ಕಟ್ಟಿನಿಂದಲೇ ತೆಗೆದಿದ್ದಳು. ಅವಳ ಹೊಸ ದಿನಚರಿಯನ್ನೆಲ್ಲ ಕಲಮ್ಮಿನಲ್ಲಿ ತುಂಬಿದ್ದಳು. ಕಾಲೇಜು, ಅತ್ತೆಯ ಮನೆ, ಓದು. ಕೊನೆಯ ಸಾಲಿನಲ್ಲಿ, ಭಾನುವಾರ, ಬೆಳಿಗ್ಗೆ ಎಂಟೂವರೆ, ಅಪ್ಪನಿಗೆ ಫೋನು, ನಿಲುಗಡೆ ನಲವತ್ತು ನಿಮಿಷ. ಪ್ರಯಾಣಿಕರಿಗೆ ಸೂಚನೆಗಳು ಎಂಬ ಚೌಕದಲ್ಲಿ ಬರೆದಿದ್ದಳು:

‘ದೋಣಿ ಇರಲೇ ಇಲ್ಲ ಎಂದು ಹೊಲಿಗೆ ಅಜ್ಜಿ ನನಗೆ ಬಸ್ಸಿನಲ್ಲೇ ಹೇಳಿದರು. ಅಪ್ಪನಿಗೆ ಹೇಳಬೇಡ, ಪಾಪ ಎಂದರು. ನೀನೂ ಯಾರಿಗೂ ಹೇಳಬೇಡ.’

ಮೊಹರಿನ ಜಾಗದಲ್ಲಿ ನೀಲಿ ಪೆನ್ನಿನಿಂದ ಒಂದು ದೋಣಿ ಬಿಡಿಸಿದ್ದಳು. ಆ ಹಾಳೆಯನ್ನು ನಾನು ಈವರೆಗೆ ಕಚೇರಿಗೆ ಒಯ್ದಿಲ್ಲ. ಅಂಟಿನಯ್ಯನ ಕೈಗೆ ಸಿಕ್ಕರೆ ಊರಿಗೆ ಊರೇ ಭಾನುವಾರ ಎಂಟೂವರೆಗೆ ನನ್ನ ಮಗಳಿಗೆ ಫೋನು ಮಾಡೀತು.